ಕಲ್ಲಿನ ಗೆರೆ, ಕಡಲ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಂಡೆಯ ಮೇಲೋ ಗುಡಿಯ ಗೋಡೆಯ ಮೇಲೋ ಕಂಡ ಒಂದು ಆಕೃತಿಯನ್ನು ಹಿಡಿದುಕೊಂಡು, ದೂರದೇಶದವರು ಕಡಲು ದಾಟಿ ಬಂದಿದ್ದರು ಎನ್ನಬಹುದೇ? ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಇದನ್ನೇ ಕೇಳಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸೋಮನಾಥಪುರದ ಕೇಶವ ದೇವಾಲಯದ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆ ಇದೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಹೊಯ್ಸಳರಿಗೆ ಅಮೆರಿಕದ ಸಂಪರ್ಕವಿತ್ತು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಇದು ನಿಜವೇ? (ಮೈಸೂರು)

ಶಿಲ್ಪ ಇರುವುದು ನಿಜ, ಅದು ತೆನೆಯನ್ನು ಹೋಲುವುದೂ ನಿಜ. ಅದು ಮುಸುಕಿನ ಜೋಳ ಎಂಬುದು ಮಾತ್ರ ನಿಲ್ಲುವುದಿಲ್ಲ.

ಈ ವಾದವನ್ನು ಮುಂದಿಟ್ಟವರು ಸಾಮಾನ್ಯರಲ್ಲ. ಒರೆಗಾನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೋಹಾನೆಸನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಸಸ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. 12 ಮತ್ತು 13ನೆಯ ಶತಮಾನದ ಕರ್ನಾಟಕದ ಗುಡಿಗಳಲ್ಲಿ ಕೈಯಲ್ಲಿ ಹಿಡಿದ ಈ ವಸ್ತುಗಳು ಒಂದೇ ಅಚ್ಚಿನವಲ್ಲ. ಕೆಲವು ಗಿಡ್ಡ, ಕೆಲವು ಉದ್ದ, ಕೆಲವು ತುದಿಯಲ್ಲಿ ಸಣ್ಣ, ಕಾಳಿನ ಆಕಾರವೂ ಬೇರೆ ಬೇರೆ. ನಿಜವಾದ ತೆನೆಗಳಲ್ಲಿ ಇಂಥ ವ್ಯತ್ಯಾಸ ಸಹಜ, ಹಾಗಾಗಿ ಶಿಲ್ಪಿಯ ಮುಂದೆ ನಿಜವಾದ ತೆನೆಯೇ ಇದ್ದಿರಬೇಕು ಎಂಬುದು ಅವರ ತರ್ಕ. ಮುಸುಕಿನ ಜೋಳವನ್ನೇ ಜೀವನಪೂರ್ತಿ ಅಧ್ಯಯನ ಮಾಡಿದ ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಇದನ್ನು ಒಪ್ಪಲಿಲ್ಲ. ಭಾಷೆ, ಧರ್ಮ, ಶಿಲ್ಪ, ಪುರಾತತ್ವ, ಸಸ್ಯಶಾಸ್ತ್ರ, ಇಷ್ಟೂ ಕಡೆಯಿಂದ ನೋಡಿ ಇದು ತೆನೆಯಲ್ಲ ಎಂದು 1993ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಅವರ ಪ್ರಕಾರ ಇದು ಮುಕ್ತಾಫಲ, ಅಂದರೆ ಮುತ್ತು ಪೋಣಿಸಿದಂತೆ ತೋರುವ ಕಲ್ಪನೆಯ ಹಣ್ಣು.

ಈಗ ಒಂದೊಂದಾಗಿ ನೋಡೋಣ. ಮುಸುಕಿನ ಜೋಳದ ತೆನೆಯಲ್ಲಿ ಕಾಳಿನ ಸಾಲುಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆಯೇ: 8, 10, 12, 14, 16. ಹೂವು ದಿಂಡಿನ ಮೇಲೆ ಜೋಡಿಜೋಡಿಯಾಗಿ ಮೂಡುವುದೇ ಇದಕ್ಕೆ ಕಾರಣ. ಮಾರುಕಟ್ಟೆಯಿಂದ ಒಂದು ತೆನೆ ತಂದು ಮುರಿದು ಎಣಿಸಿದರೆ ತಿಳಿಯುತ್ತದೆ. ಶಿಲ್ಪದಲ್ಲಿ ಈ ಪರೀಕ್ಷೆ ಕಷ್ಟ, ಏಕೆಂದರೆ ಹಿಂಬದಿ ಬೆರಳಿಗೋ ಗೋಡೆಗೋ ಅಂಟಿಕೊಂಡಿರುತ್ತದೆ. ಕಾಣುವುದು ಮುಂದಿನ ಅರ್ಧ ಮಾತ್ರ. ಕಾಳುಗಳು ಇಟ್ಟಿಗೆ ಕಟ್ಟಿದಂತೆ ಒಂದರ ಸಂದಿಗೆ ಒಂದು ಕೂತಿವೆ ಎಂಬುದನ್ನೂ ಸಾಕ್ಷಿಯಾಗಿ ಹೇಳುತ್ತಾರೆ. ಆದರೆ ದುಂಡನೆಯ ಯಾವುದೇ ಮಣಿಯನ್ನು ಒತ್ತಾಗಿ ಜೋಡಿಸಿದರೂ ಹಾಗೆಯೇ ಕೂರುತ್ತದೆ.

ಎರಡನೆಯದು ಕಲ್ಲಿನ ಗುಣ. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಮುತ್ತಿನ ಸಾಲು ಕೊರೆಯುವುದು ಅವರಿಗೆ ಕೈಗೆ ಹತ್ತಿದ ಕೆಲಸ. ಕಿರೀಟ, ಹಾರ, ಒಡ್ಯಾಣ, ತೋಳಬಂದಿ, ಮೇಲಿನ ತೋರಣ, ಎಲ್ಲೆಲ್ಲೂ ಮಣಿಯೇ. ಅಂಥ ಕೈ ಒಂದು ಹಣ್ಣನ್ನು ಕಡೆದಾಗ ಅದಕ್ಕೂ ಮಣಿ ತೊಡಿಸಿದ್ದರೆ ಅಚ್ಚರಿಯಿಲ್ಲ. ಹಣ್ಣು ಹಿಡಿದ ಕೈ ನಮ್ಮ ಮೂರ್ತಿಶಾಸ್ತ್ರಕ್ಕೆ ಹೊಸದೂ ಅಲ್ಲ. ಮಾತುಲುಂಗ, ಅಂದರೆ ಮಾದಳದ ಹಣ್ಣು, ಲಕ್ಷ್ಮಿಯ ಕೈಯಲ್ಲೂ ಶಿವನ ಕೈಯಲ್ಲೂ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ತೂಕದ್ದು. ಮುಸುಕಿನ ಜೋಳ ಮನುಷ್ಯನಿಲ್ಲದೆ ಬದುಕದ ಬೆಳೆ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೊದಲ್ಲಿ ಟಿಯೊಸಿಂಟೆ ಎಂಬ ಹುಲ್ಲಿನಿಂದ ಜನ ಇದನ್ನು ರೂಪಿಸಿದರು. ಮುಸುಕಿನ ಜೋಳದ ಕಾಳು ಸಿಪ್ಪೆಯೊಳಗೇ ಬಿಗಿಯಾಗಿ ಕೂತಿರುತ್ತದೆ, ತಾನಾಗಿ ಉದುರಿ ಮೊಳೆಯುವುದಿಲ್ಲ. ಅದು ಇಲ್ಲಿಗೆ ಬಂದಿದ್ದರೆ ರೈತರು ಬಿತ್ತಿ ಬೆಳೆದಿರಬೇಕು. ಬಿತ್ತಿ ಬೆಳೆದಿದ್ದರೆ ಒಲೆಯ ಬೂದಿಯಲ್ಲಿ ಸುಟ್ಟು ಕರಕಾದ ಕಾಳು ಬೀಳಬೇಕು, ಮುರಿದ ದಿಂಡು ತಿಪ್ಪೆಯಲ್ಲಿ ಉಳಿಯಬೇಕು, ಕೆರೆಯ ಹೂಳಿನಲ್ಲಿ ಪರಾಗ ಸಿಗಬೇಕು. ಮುಸುಕಿನ ಜೋಳದ ಪರಾಗ ಹುಲ್ಲುಜಾತಿಯಲ್ಲೇ ದೊಡ್ಡದು, ಭಾರವಾದದ್ದು. ಹೊಲದ ಹತ್ತಿರವೇ ಬೀಳುವುದರಿಂದ ಅದು ಸಿಕ್ಕಿದರೆ ಅಲ್ಲೇ ಬೆಳೆದಿದ್ದರು ಎನ್ನಬಹುದು. ಹೊಯ್ಸಳರ ಕಾಲದ ಪದರಗಳಿಂದ ಸಂಶಯಕ್ಕೆ ಎಡೆಯಿಲ್ಲದಂಥ ಒಂದು ಕಾಳೂ ಬಂದಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅಡುಗೆಯ ವಿವರ ಪುಟಗಟ್ಟಲೆ ಇದೆ. ಅಲ್ಲಿಯೂ ಈ ಜೋಳವಿಲ್ಲ.

ಸೋಮನಾಥಪುರಕ್ಕೆ ಹೋದಾಗ ಮೂರು ವಿಷಯ ಗಮನಿಸಿ. ವಸ್ತುವಿನ ಬುಡದಲ್ಲಿ ಸಿಪ್ಪೆಯ ಎಲೆ ಇದೆಯೇ ಅಥವಾ ಹೂವಿನ ತೊಟ್ಟಿದೆಯೇ? ಕಾಳಿನ ಗಾತ್ರ ಅದೇ ಮೂರ್ತಿಯ ಹಾರದ ಮಣಿಯ ಗಾತ್ರಕ್ಕೆ ಸಮವೇ? ತುದಿಯಲ್ಲಿ ನೂಲಿನಂಥ ಎಳೆಗಳಿವೆಯೇ? ನಮ್ಮ ಜನ ಈ ಬೆಳೆಗೆ ಇಟ್ಟ ಹೆಸರೇ ಮುಸುಕಿನ ಜೋಳ. ಮೊದಲು ಕಣ್ಣಿಗೆ ಬಿದ್ದದ್ದು ಅದರ ಮುಸುಕು. ನಿಜವಾದ ತೆನೆಯನ್ನು ಮುಂದಿಟ್ಟುಕೊಂಡ ಶಿಲ್ಪಿ ಮುಸುಕನ್ನೇ ಮರೆಯುತ್ತಾನೆ ಎಂದು ನಂಬುವುದು ಕಷ್ಟ.

ಇದೇ ಬಗೆಯ ಸೀತಾಫಲದ ವಾದವನ್ನು ಮಾತ್ರ ಬೇರೆಯಾಗಿ ನೋಡಬೇಕು. ಅದೂ ಅಮೆರಿಕ ಮೂಲದ ಗಿಡ. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಶಿಲ್ಪದಲ್ಲಿ ಅದಿದೆ ಎಂದು 19ನೆಯ ಶತಮಾನದಲ್ಲೇ ಪುರಾತತ್ವಜ್ಞ ಕನಿಂಗ್‌ಹ್ಯಾಮ್ ಹೇಳಿದ್ದರು. ಶಿಲ್ಪದ ಮೇಲಿನ ಆ ಚರ್ಚೆ ಎಲ್ಲಿಯೂ ಮುಟ್ಟಲಿಲ್ಲ. 2009ರಲ್ಲಿ ಉತ್ತರ ಪ್ರದೇಶದ ಟೋಕ್ವಾ ಉತ್ಖನನದ ಸುಟ್ಟು ಕರಕಾದ ಬೀಜವೊಂದನ್ನು ಸೀತಾಫಲದ್ದೆಂದು ಗುರುತಿಸಿ, ಅದು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ್ದು ಎಂದು ಪ್ರಕಟಿಸಿದಾಗ ವಾದಕ್ಕೆ ತೂಕ ಬಂತು. ಬೇರೆ ಬೇರೆ ನೆಲೆಗಳಲ್ಲಿ, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಅದೇ ಫಲಿತಾಂಶ ಬರುವವರೆಗೆ ಅದನ್ನು ತೆರೆದ ಪ್ರಶ್ನೆಯಾಗಿಯೇ ಇಡಬೇಕು. ಆದರೆ ಅದು ಸರಿಯಾದ ಬಗೆಯ ಸಾಕ್ಷಿ. ಬೀಜವನ್ನು ತೂಗಬಹುದು, ಅಳೆಯಬಹುದು, ಅದರ ಕಾಲ ಕಟ್ಟಬಹುದು.

ಪ್ರಶ್ನೆ: ಮಧ್ಯ ಅಮೆರಿಕದ ಮಾಯಾ ಶಿಲ್ಪದಲ್ಲಿ ಮಾವುತನ ಸಮೇತ ಆನೆ ಇದೆಯಂತೆ? (ಹಾಸನ)

ನೀವು ಕೇಳುತ್ತಿರುವುದು ಹೊಂಡುರಾಸ್‌ನ ಕೊಪಾನ್ ನಗರದ ‘ಬಿ’ ಕಂಬದ ಬಗ್ಗೆ. ಅದರ ಮೇಲ್ತುದಿಯ ಎರಡು ಮೂಲೆಗಳಲ್ಲಿ ಉದ್ದ ಬಾಗಿದ ಮೂತಿಗಳಿವೆ. ಅವು ಭಾರತದ ಆನೆಗಳೇ ಎಂದು ಅಂಗರಚನಾ ಶಾಸ್ತ್ರಜ್ಞ ಗ್ರಾಫ್ಟನ್ ಎಲಿಯಟ್ ಸ್ಮಿತ್ 1924ರಲ್ಲಿ ಪುಸ್ತಕವನ್ನೇ ಬರೆದರು. ಅದು ಮಕಾವ್ ಗಿಣಿಯ ಕೊಕ್ಕು. ಮೂತಿಯ ಬುಡದಲ್ಲಿ ಮೂಗಿನ ಹೊಳ್ಳೆ ಇದೆ, ಕಣ್ಣಿನ ಸುತ್ತ ಗಿಣಿಯ ಮುಖದ ಗೆರೆಗಳಿವೆ. ಆನೆಯ ಮೂಗಿನ ಹೊಳ್ಳೆ ಸೊಂಡಿಲಿನ ತುದಿಯಲ್ಲಿರುತ್ತದೆ, ಬುಡದಲ್ಲಲ್ಲ. ಆನೆಯನ್ನು ದಿನವೂ ಕಾಣುವ ನಮ್ಮವರಿಗೆ ಈ ಒಂದು ಗುರುತೇ ಸಾಕು.

ಪ್ರಶ್ನೆ: ಅಮೆರಿಕದ ಕೆನ್ಸಿಂಗ್ಟನ್ ಶಿಲಾಶಾಸನವನ್ನು ಕೆಲವರು ಅಸಲಿ, ಕೆಲವರು ನಕಲಿ ಎನ್ನುತ್ತಾರೆ. ಶಾಸನ ಓದಿಯೇ ಅದರ ಕಾಲ ಹೇಳಲು ಸಾಧ್ಯವೇ? (ಶಿವಮೊಗ್ಗ)

ಇದಕ್ಕೆ ಕನ್ನಡದಿಂದಲೇ ಹೊರಟರೆ ಸುಲಭ. 7ನೆಯ ಶತಮಾನದ್ದು ಎಂದು ಹೇಳುವ ಒಂದು ಕಲ್ಲು ನಿಮ್ಮ ಮುಂದಿದೆ ಎನ್ನಿ. ಅದರಲ್ಲಿ ‘ಪೋದಂ’ ಬದಲು ‘ಹೋದನು’ ಎಂದಿದೆ, ‘ಪಾಲ್’ ಬದಲು ‘ಹಾಲು’ ಎಂದಿದೆ. ಪದದ ಮೊದಲ ‘ಪ’ಕಾರ ‘ಹ’ಕಾರವಾಗುವುದು ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ತಲೆಹಾಕಿ ನಡುಗನ್ನಡದಲ್ಲಿ ನೆಲೆಯಾಯಿತು. ಆದ್ದರಿಂದ ಆ ಕಲ್ಲು 7ನೆಯ ಶತಮಾನದ್ದಲ್ಲ. ಈ ಪರೀಕ್ಷೆ ಒಂದೇ ದಿಕ್ಕಿನದು ಎಂಬುದನ್ನು ಮರೆಯಬಾರದು. ಹಳೆಯ ರೂಪ ಇದ್ದ ಮಾತ್ರಕ್ಕೆ ಕಲ್ಲು ಹಳೆಯದಾಗದು, ಹಳಗನ್ನಡ ಬಲ್ಲವರು ಇಂದೂ ಬರೆಯಬಲ್ಲರು. ಆದರೆ ಇನ್ನೂ ಹುಟ್ಟದ ರೂಪ ಹಳೆಯ ಕಲ್ಲಿನಲ್ಲಿ ಬರಲು ದಾರಿಯಿಲ್ಲ.

ಕೆನ್ಸಿಂಗ್ಟನ್ ಕಲ್ಲು ಸುಮಾರು 90 ಕಿಲೊ ತೂಗುವ ಚಪ್ಪಡಿ. 1898ರಲ್ಲಿ ಮಿನೆಸೋಟದ ಹೊಲವೊಂದರಲ್ಲಿ ಮರದ ಬೇರಿಗೆ ಸಿಕ್ಕಿಕೊಂಡಿತ್ತೆಂದು ಸ್ವೀಡನ್ನಿನಿಂದ ವಲಸೆ ಬಂದ ರೈತ ಊಲೊಫ್ ಊಮನ್ ಹೇಳಿದ. 8 ಮಂದಿ ಗೋಟರು (ಸ್ವೀಡನ್ನಿನ ಒಂದು ಜನ), 22 ಮಂದಿ ನಾರ್ವೆಯವರು ವಿನ್‌ಲ್ಯಾಂಡಿನಿಂದ, ಅಂದರೆ ಹಳೆಯ ನಾರ್ಸ್ ಕಥೆಗಳು ಹೇಳುವ ಅಮೆರಿಕದ ತೀರದಿಂದ, ಪಶ್ಚಿಮಕ್ಕೆ ಬಂದರು, ಮೀನು ಹಿಡಿದು ಮರಳಿದಾಗ 10 ಮಂದಿ ರಕ್ತದಲ್ಲಿ ಸತ್ತು ಬಿದ್ದಿದ್ದರು ಎಂದು ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿದೆ, ವರ್ಷ 1362. ಆ ಕಾಲದ ಸ್ವೀಡಿಷ್‌ನಲ್ಲಿ ‘ನಾವು’ ಎಂಬುದಕ್ಕೆ ಕ್ರಿಯಾಪದ ಬಹುವಚನ ರೂಪದಲ್ಲಿ ಬರಬೇಕು: ‘ವಿ ವಾರುಂ’. ಕಲ್ಲಿನಲ್ಲಿ ಇರುವುದು ‘ವಿ ವಾರ್’. ‘ಅನ್ವೇಷಣೆಯ ಪಯಣ’ ಎಂಬರ್ಥದ ಪದವೂ ಆ ಕಾಲದ್ದಲ್ಲ. ಸಂಖ್ಯೆಗಳನ್ನು ರೂನ್ ಗುರುತಿನಲ್ಲಿ ಬರೆದರೂ ಬಿಡಿ, ಹತ್ತು, ನೂರರ ಸ್ಥಾನ ಹಿಡಿದು ಇಂದಿನ ಅಂಕಿಗಳಂತೆ ಜೋಡಿಸಿದ್ದಾರೆ.

ಬೆಂಬಲಿಸುವವರಿಗೆ ಬಹುಕಾಲ ಒಂದು ಆಸರೆ ಇತ್ತು. ಕಲ್ಲಿನ ಕೆಲವು ವಿಚಿತ್ರ ರೂನ್‌ಗಳು ಬೇರೆಲ್ಲೂ ಇಲ್ಲ, ಮೋಸ ಮಾಡುವವನಿಗೆ ಅವು ಎಲ್ಲಿಂದ ಬಂದವು? 2004ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ಸ್ವೀಡನ್ನಿನ ದರ್ಜಿಯೊಬ್ಬ 1880ರ ದಶಕದಲ್ಲಿ ಬರೆದಿಟ್ಟ ಹಾಳೆಗಳಲ್ಲಿ ಅಂಥವೇ ರೂನ್‌ಗಳ ಪಟ್ಟಿ ಇತ್ತು. ಊಮನ್‌ನ ಕಾಲದ ಸ್ವೀಡನ್ನಿನಲ್ಲಿ ಆ ಅಕ್ಷರಗಳು ಬಳಕೆಯಲ್ಲಿದ್ದವು. ಕೆತ್ತಿದವರು ಯಾರು ಎಂಬುದು ತೀರ್ಮಾನವಾಗಿಲ್ಲ, 19ನೆಯ ಶತಮಾನದ ಕೆಲಸ ಎಂಬುದರಲ್ಲಿ ಭಾಷಾಶಾಸ್ತ್ರಜ್ಞರಿಗೆ ಗೊಂದಲವಿಲ್ಲ.

ಪ್ರಶ್ನೆ: ಹಾಗಾದರೆ ಕೊಲಂಬಸನಿಗೆ ಮೊದಲು ಯುರೋಪಿನವರು ಅಮೆರಿಕಕ್ಕೆ ಹೋಗಿಯೇ ಇಲ್ಲವೇ? (ದಾವಣಗೆರೆ)

ಹೋಗಿದ್ದಾರೆ, ಅವರು ಉತ್ತರ ಯುರೋಪಿನ ನಾರ್ಸ್ ಜನ, ಅಂದರೆ ವೈಕಿಂಗರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯ ಲಾನ್ಸ್ ಓ ಮೆಡೋಸ್ ಎಂಬಲ್ಲಿ ಹೆಲ್ಗೆ ಇಂಗ್‌ಸ್ಟಾಡ್ 1960ರಲ್ಲಿ ಹುಲ್ಲುಹೆಂಟೆ ಗೋಡೆಗಳ ಗುರುತು ಕಂಡರು. ಪತ್ನಿ ಆನ್ ಸ್ಟೀನ್ ಇಂಗ್‌ಸ್ಟಾಡ್ ಅಲ್ಲಿ ಉತ್ಖನನ ನಡೆಸಿದರು. ಸಿಕ್ಕಿದ್ದು 8 ಕಟ್ಟಡಗಳ ತಳ, ಕಬ್ಬಿಣ ಕರಗಿಸಿದ ಕಿಟ್ಟ, ದೋಣಿಯ ಮೊಳೆಗಳು, ಬಟ್ಟೆಗೆ ಚುಚ್ಚುವ ಕಂಚಿನ ಪಿನ್ನು, ನೂಲುವ ಕದಿರಿನ ಬಳಪದ ಕಲ್ಲಿನ ಬಿಲ್ಲೆ. ಗಮನಿಸಿ, ಅಲ್ಲಿ ಒಂದು ಶಾಸನವೂ ಇಲ್ಲ. ಬಾಳಿದ ಜನ ಬಿಟ್ಟುಹೋದ ಕಸವೇ ಸಾಕ್ಷಿ. ಅಲ್ಲಿ ಬೆಳೆಯದ ಬಟರ್‌ನಟ್ ಕಾಯಿಗಳೂ ಸಿಕ್ಕಿದವು. ಆ ಮರ ಇನ್ನೂ ದಕ್ಷಿಣದ ನ್ಯೂ ಬ್ರನ್ಸ್‌ವಿಕ್ ಕಡೆಯದು, ಅಂದರೆ ಇವರು ಅಷ್ಟು ದೂರವೂ ಹೋಗಿ ಬಂದಿದ್ದರು.

2021ರಲ್ಲಿ ಖಚಿತ ವರ್ಷವೇ ಸಿಕ್ಕಿತು. 993ರ ಸುಮಾರಿಗೆ ಆಕಾಶದಿಂದ ಬಂದ ವಿಕಿರಣದ ಒಂದು ಅಲೆಯಿಂದ ಲೋಕದ ಎಲ್ಲ ಮರಗಳ ಆ ವರ್ಷದ ಉಂಗುರದಲ್ಲಿ ಇಂಗಾಲ-14ರ ಪ್ರಮಾಣ ದಿಢೀರನೆ ಏರಿತ್ತು. ಲೋಹದ ಅಲಗಿನಿಂದ ಕಡಿದ, ತೊಗಟೆಯ ಅಂಚು ಉಳಿದ ಮೂರು ಮರದ ತುಂಡುಗಳಲ್ಲಿ ಆ ಉಂಗುರವನ್ನು ಹಿಡಿದು ಅಂಚಿನವರೆಗೆ ಎಣಿಸಿದರು. ಮೂರರಲ್ಲೂ ಬಂದದ್ದು 1021.

ಪ್ರಶ್ನೆ: ಈಜಿಪ್ಟಿನ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ ಎಂದು ಶಾಲೆಯಲ್ಲಿ ಓದಿದ್ದೆವು. ಇದು ಯಾವ ಗುಂಪಿಗೆ ಸೇರುತ್ತದೆ? (ಮಂಗಳೂರು)

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಅದು, ಸುಮಾರು 2ನೆಯ ಶತಮಾನದ ಪ್ರತಿ. ಹಿಂದೂ ಮಹಾಸಾಗರದ ತೀರದಲ್ಲಿ ಸೆರೆಯಾದ ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಂಡು ಹೋಗುವ ಪ್ರಹಸನ. ಅಲ್ಲಿನ ಸ್ಥಳೀಯರ ಮಾತು ಕನ್ನಡ ಎಂದು 1904ರಲ್ಲಿ ಸೂಚಿಸಿದವರು ಶಾಸನತಜ್ಞ ಹುಲ್ಷ್. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂಬಂಥ ಸಾಲುಗಳು ಹಾಗೆ ಹೊರಟವು.

ಕೇಳಲು ಹಿತವಾಗಿದೆ, ಆದರೆ ಇದು ಇಂದಿನ ರೂಪ. 2ನೆಯ ಶತಮಾನದ ಕನ್ನಡ ಹೀಗಿರಲಿಲ್ಲ. ಗ್ರೀಕ್ ಲಿಪಿಯಲ್ಲಿ ಟ, ಣ, ಳಗಳಿಗೆ ಅಕ್ಷರವಿಲ್ಲ, ಪದಗಳ ನಡುವೆ ತೆರಪಿಲ್ಲ. ಎಲ್ಲಿ ಬೇಕಾದರೂ ಪದ ಒಡೆಯಬಹುದು. ಅದೇ ಸಾಲುಗಳನ್ನು ತುಳು ಎಂದು ಓದಿದ ವಿದ್ವಾಂಸರೂ ಇದ್ದಾರೆ, ನಗಿಸಲು ಹೊಸೆದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ಹಾಗಾಗಿ ಭಾಷೆಯ ತೀರ್ಮಾನ ಆಗಿಲ್ಲ ಎನ್ನುವುದೇ ಸರಿ. ಸಂಪರ್ಕದ ವಿಷಯ ಬೇರೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ ಭಾರತದ ಮಡಕೆಯೊಂದರಲ್ಲಿ ಸುಮಾರು 7.5 ಕಿಲೊ ಕಾಳುಮೆಣಸು ಸಿಕ್ಕಿದೆ. ನಮ್ಮ ಪಶ್ಚಿಮ ಕರಾವಳಿಗೂ ಈಜಿಪ್ಟಿಗೂ ಇದ್ದ ವ್ಯಾಪಾರಕ್ಕೆ ಈ ನಾಟಕದ ಆಸರೆಯೇ ಬೇಕಿಲ್ಲ.

ಪ್ರಶ್ನೆ: ಕಡಲ ಸಂಪರ್ಕವನ್ನು ನಿಜವಾಗಿ ಸಾಬೀತು ಮಾಡಿದ ಕಲ್ಲಿನ ಬರಹ ಒಂದಾದರೂ ಇದೆಯೇ? (ಧಾರವಾಡ)

ಇದೆ, ಮತ್ತು ಅದು ನಮ್ಮ ನಾವಿಕರದ್ದೇ. ಆಫ್ರಿಕದ ಕೊಂಬಿನ ಎದುರಿಗಿರುವ ಸೊಕೊತ್ರ ದ್ವೀಪದ ಹೊಕ್ ಗುಹೆ. 2000ದ ಇಸವಿಯ ಕೊನೆಯಲ್ಲಿ ಬೆಲ್ಜಿಯಂನ ಗುಹಾ ಅನ್ವೇಷಕರು ಅದರ ಒಳಭಾಗದ ಕತ್ತಲಲ್ಲಿ ಬರಹಗಳನ್ನು ಕಂಡರು. ಒಟ್ಟು 200ಕ್ಕಿಂತ ಹೆಚ್ಚು. ಹೆಚ್ಚಿನವು ಬ್ರಾಹ್ಮಿ ಲಿಪಿಯಲ್ಲಿ, ಉಳಿದವು ದಕ್ಷಿಣ ಅರೇಬಿಯ, ಇಥಿಯೋಪಿಯ, ಗ್ರೀಕ್ ಮತ್ತಿತರ ಲಿಪಿಗಳಲ್ಲಿ. ಇದ್ದಿಲು, ಕೆಸರು, ಗೀರು, ಕೈಗೆ ಸಿಕ್ಕಿದ್ದರಲ್ಲಿ ಬರೆದಿದ್ದಾರೆ. ಹಡಗಿನ ಚಿತ್ರವಿದೆ, ಸ್ತೂಪದ ಚಿತ್ರವಿದೆ. ಬಹುತೇಕ ಬರಹಗಳಲ್ಲಿ ಇರುವುದು ಇಷ್ಟೇ: ನನ್ನ ಹೆಸರು ಇದು, ನಾನು ಇಂಥವನ ಮಗ, ಇಲ್ಲಿಗೆ ಬಂದೆ.

ಇದನ್ನು ಏಕೆ ನಂಬಬೇಕು? ಮೊದಲನೆಯದಾಗಿ ಒಬ್ಬನ ಕೈಯಲ್ಲ, ಹತ್ತಾರು ಕೈಗಳಿವೆ. ಅಕ್ಷರಗಳ ತಿರುವು ಪಶ್ಚಿಮ ಭಾರತವನ್ನು ಆಳಿದ ಕ್ಷತ್ರಪ ಅರಸರ ಕಾಲದ ಶಾಸನಗಳ ಜೊತೆ ಕೂಡುತ್ತದೆ, ಅಂಥ ತಿರುವನ್ನು ಶತಮಾನಗಳ ಉದ್ದಕ್ಕೆ ಕ್ರಮವಾಗಿ ನಕಲು ಮಾಡುವುದು ಆಗದ ಮಾತು. ಭರುಕಚ್ಛದಂಥ, ಅಂದರೆ ಇಂದಿನ ಭರೂಚ್‌ನಂಥ, ಬಂದರುಗಳ ಹೆಸರಿದೆ. ಸಿರಿಯಾದ ಪಾಲ್ಮೈರಾ ನಗರದ ಒಬ್ಬ ಬರೆದ ಮರದ ಹಲಗೆಯಲ್ಲಿ ಕ್ರಿ.ಶ. 258ಕ್ಕೆ ಸಮನಾದ ತಾರೀಖೇ ಇದೆ. ಜೊತೆಗೆ, 1ನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ ಪೆರಿಪ್ಲಸ್ ಈ ದ್ವೀಪದಲ್ಲಿ ಅರಬರು, ಭಾರತೀಯರು, ಗ್ರೀಕರು ಇದ್ದಾರೆ ಎಂದು ಮೊದಲೇ ಹೇಳಿತ್ತು. ಕಲ್ಲು, ಗ್ರಂಥ, ಗಾಳಿ ಮೂರೂ ಒಂದೇ ಕಥೆ ಹೇಳುತ್ತವೆ. ಗಾಳಿ ಎಂದದ್ದು ಏಕೆಂದರೆ ಇಲ್ಲಿಂದ ಹೊರಟ ಹಡಗಿಗೆ ನವೆಂಬರಿನಿಂದ ಫೆಬ್ರವರಿಯ ಈಶಾನ್ಯ ಗಾಳಿ ಬೇಕು, ಹಿಂದಿರುಗಲು ನೈಋತ್ಯ ಮಾರುತ ಬೇಕು. ನಡುವಿನ ತಿಂಗಳುಗಳಲ್ಲಿ ದಡದಲ್ಲೇ ಕಾಯಬೇಕು. ಸೊಕೊತ್ರದಂಥ ದ್ವೀಪದಲ್ಲಿ ಗುಹೆ ಹತ್ತಿ ಹೆಸರು ಬರೆಯುವಷ್ಟು ಬಿಡುವು ಅವರಿಗಿದ್ದದ್ದು ಹೀಗೆ.

ಪ್ರಶ್ನೆ: ಕೋನ್-ಟಿಕಿ ತೆಪ್ಪದ ಪಯಣ ದಕ್ಷಿಣ ಅಮೆರಿಕದವರೇ ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳಿಗೆ ಹೋಗಿ ನೆಲೆಸಿದರು ಎಂದು ಸಾಬೀತು ಮಾಡಿತಲ್ಲವೇ? (ಬೆಂಗಳೂರು)

ಥಾರ್ ಹೆಯರ್ಡಾಲ್ 1947ರಲ್ಲಿ ಬಾಲ್ಸಾ ಮರದ ತೆಪ್ಪದಲ್ಲಿ ಪೆರುವಿನಿಂದ ಹೊರಟು 101 ದಿನಗಳಲ್ಲಿ ಪಾಲಿನೇಷ್ಯದ ರಾರೊಇಯಾ ಹವಳದ್ವೀಪ ಮುಟ್ಟಿದರು. ಹೋಗಲು ಸಾಧ್ಯ ಎಂಬುದು ಅದರಿಂದ ಗೊತ್ತಾಯಿತು, ಹೋಗಿದ್ದರು ಎಂಬುದಲ್ಲ. ಪಾಲಿನೇಷ್ಯದವರ ಭಾಷೆ, ಹಂದಿ, ಕೋಳಿ, ಕೆಸುವಿನ ಗೆಡ್ಡೆ ಎಲ್ಲವೂ ಪಶ್ಚಿಮದಿಂದ, ಏಷ್ಯದ ಕಡೆಯಿಂದ ಬಂದವು.

ಆದರೆ ಭೇಟಿ ಆಗಿತ್ತು. 2020ರಲ್ಲಿ 17 ದ್ವೀಪಗಳು ಮತ್ತು ಅಮೆರಿಕ ತೀರದ 15 ಮೂಲನಿವಾಸಿ ಗುಂಪುಗಳ 807 ಮಂದಿಯ ಡಿಎನ್‌ಎ ನೋಡಿದ ಅಧ್ಯಯನವು ಸುಮಾರು ಕ್ರಿ.ಶ. 1200ರ ಹೊತ್ತಿಗೆ ಎರಡೂ ಜನರ ರಕ್ತ ಬೆರೆತಿತ್ತು ಎಂದು ತೋರಿಸಿತು. ಅಮೆರಿಕದ ಗೆಣಸು ಅದಕ್ಕೂ ಮೊದಲಿನಿಂದ ಚರ್ಚೆಯಲ್ಲಿತ್ತು: ಪಾಲಿನೇಷ್ಯದಲ್ಲಿ ಅದರ ಹೆಸರು ಕುಮಾರ, ಆಂಡಿಸ್‌ನ ಕೆಚುವಾ ಭಾಷೆಯಲ್ಲಿ ಕುಮರ್‌ಗೆ ಹತ್ತಿರದ ರೂಪ. ಗೆಣಸಿನ ಬೀಜ ತೇಲಿಕೊಂಡೇ ಹೋಗಿರಬಹುದು ಎಂಬ ವಾದವೂ ಇದೆ. ಬೀಜ ತೇಲಬಹುದು, ಹೆಸರು ತೇಲುವುದಿಲ್ಲ.

ಪ್ರಶ್ನೆ: ಬಂಡೆಯ ಕೆತ್ತನೆಗೆ ಕಾರ್ಬನ್ ಪರೀಕ್ಷೆ ಮಾಡಿಸಿದರೆ ಎಲ್ಲ ವಿವಾದ ಮುಗಿಯುವುದಿಲ್ಲವೇ? (ಹುಬ್ಬಳ್ಳಿ)

ಆಗದು. ಕೆತ್ತನೆ ಎಂದರೆ ಕಲ್ಲನ್ನು ತೆಗೆದದ್ದು, ಅಲ್ಲಿ ಏನನ್ನೂ ಇಟ್ಟಿಲ್ಲ. ಪರೀಕ್ಷಿಸಲು ಇಂಗಾಲವೇ ಇಲ್ಲ. ಇದ್ದಿಲಿನಂಥ, ಇಂಗಾಲವಿರುವ ವಸ್ತುವಿನಿಂದ ಬರೆದ ಚಿತ್ರಕ್ಕೆ ಮಾತ್ರ ಆ ಪರೀಕ್ಷೆ ನಡೆಯುತ್ತದೆ. ಕೆತ್ತನೆಯ ಮೇಲೆ ಸುಣ್ಣದ ಪೊರೆ ಕಟ್ಟಿದ್ದರೆ ಯುರೇನಿಯಂ-ಥೋರಿಯಂ ವಿಧಾನದಿಂದ ಪೊರೆಯ ವಯಸ್ಸು ಸಿಗುತ್ತದೆ, ಕೆತ್ತನೆ ಅದಕ್ಕಿಂತ ಹಳೆಯದು ಎಂದಷ್ಟೇ ಹೇಳಬಹುದು. ಮಣ್ಣಿನಲ್ಲಿ ಹೂತ ಬಂಡೆಯಾದರೆ ಮುಚ್ಚಿದ ಮಣ್ಣಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುತ್ತಾರೆ. ಬಂಡೆಯ ಮೇಲಿನ ಕಪ್ಪು ಪೊರೆಯ ಧಾತುಗಳ ಅನುಪಾತದಿಂದಲೇ ವಯಸ್ಸು ಕಟ್ಟುವ ವಿಧಾನವೊಂದು 1980ರ ದಶಕದಲ್ಲಿ ಹೆಸರು ಮಾಡಿತ್ತು, ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದೆ ಅದನ್ನು ಕೈಬಿಡಬೇಕಾಯಿತು.

ಪ್ರಶ್ನೆ: ನಮ್ಮೂರ ಗುಡ್ಡದ ಬಂಡೆಯಲ್ಲಿ ಗೆರೆ, ಗುಳಿ, ಗೂಳಿಯಂಥ ಆಕಾರಗಳಿವೆ. ಒಬ್ಬರು ಬಂದು ಇದು ಮೆಡಿಟರೇನಿಯನ್ ತೀರದ ಪುರಾತನ ಫಿನೀಷಿಯನ್ ನಾವಿಕರ ಲಿಪಿ ಎಂದು ಹೇಳಿ ಸೀಮೆಸುಣ್ಣ ತುಂಬಿ ಫೋಟೊ ತೆಗೆದರು. ನಾವು ಏನು ಮಾಡಬೇಕು? (ಬಳ್ಳಾರಿ ಜಿಲ್ಲೆ)

ಮೊದಲು ಸೀಮೆಸುಣ್ಣ ನಿಲ್ಲಿಸಿ. ಅದು ಕೆತ್ತನೆಯ ಗುಂಡಿಗಳಲ್ಲಿ ಕೂತು ಮುಂದಿನ ಪರೀಕ್ಷೆಗಳನ್ನು ಕೆಡಿಸುತ್ತದೆ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ: ತುಂಬಿದವರ ಕಣ್ಣಿಗೆ ಕಂಡ ಗೆರೆಯೇ ಎಲ್ಲರಿಗೂ ಕಾಣತೊಡಗುತ್ತದೆ. ಅಮೆರಿಕದ ಮ್ಯಾಸಚುಸೆಟ್ಸ್‌ನ ಡೈಟನ್ ಬಂಡೆಯ ಕಥೆ ಇದೇ. ಸುಮಾರು 40 ಟನ್ನಿನ, ಉಬ್ಬರದಲ್ಲಿ ಮುಳುಗುತ್ತಿದ್ದ ಆ ಬಂಡೆಯನ್ನು 1680ರಿಂದ ಒಬ್ಬರ ಮೇಲೊಬ್ಬರು ಚಿತ್ರಿಸಿದರು, ಯಾವ ಎರಡು ಚಿತ್ರವೂ ಒಂದೇ ತೆರನಾಗಿಲ್ಲ. 1853ರ ಫೋಟೊಗೆ ಗೆರೆಗಳಿಗೆ ಸೀಮೆಸುಣ್ಣ ಹಚ್ಚಿದ್ದರು. ಒಬ್ಬರು ಫಿನೀಷಿಯನ್ ಎಂದರು, 1837ರಲ್ಲಿ ಡೆನ್ಮಾರ್ಕಿನ ರಾಫ್ನ್ ವೈಕಿಂಗರದ್ದು ಎಂದರು, 20ನೆಯ ಶತಮಾನದ ಆರಂಭದಲ್ಲಿ ಪ್ರಾಧ್ಯಾಪಕ ಡೆಲಬಾರ್ 1511ರ ಪೋರ್ಚುಗೀಸ್ ನಾವಿಕನ ಹೆಸರು ಕಂಡರು. ಆ ನೆಲದ ಮೂಲನಿವಾಸಿಗಳ ಕೈಗೆಲಸ ಎಂಬ ಸರಳ ಸಂಗತಿ ಹಿಂದೆ ಉಳಿಯಿತು.

ನಿಮ್ಮ ಬಂಡೆಗೆ ಬರೋಣ. ನಿಮ್ಮ ಜಿಲ್ಲೆಯಲ್ಲೇ ಕುಪ್ಪಗಲ್ಲಿನ ಕಪ್ಪು ಕಲ್ಲಿನ ಮೇಲೆ ನವಶಿಲಾಯುಗದಿಂದ ಮೊದಲಾದ ನೂರಾರು ಕುಟ್ಟುಚಿತ್ರಗಳಿವೆ, ಅವುಗಳಲ್ಲಿ ಉದ್ದ ಕೊಂಬಿನ ಎತ್ತುಗಳೇ ಹೆಚ್ಚು. ಗೂಳಿಯ ಆಕಾರಕ್ಕೆ ಕಡಲಾಚೆಗೆ ಹೋಗಬೇಕಾಗಿಲ್ಲ. ಗೆರೆ ಮತ್ತು ಗುಳಿಗಳಿಗೆ ಮೊದಲು ಹತ್ತಿರದ ಕಾರಣ ಹುಡುಕಿ. ನಯವಾದ, ದೋಣಿಯಾಕಾರದ ತೋಡು ಕಲ್ಲುಕೊಡಲಿ ಮಸೆದ ಜಾಗವಿರಬಹುದು, ಸಂಗನಕಲ್ಲು ಅಂಥ ಕೊಡಲಿ ತಯಾರಿಕೆಯ ನೆಲೆಯೇ. ಒಂದೇ ಗೆರೆಯಲ್ಲಿ ಸಮ ಅಂತರದ ಆಯತದ ಗುಳಿಗಳು ಕಲ್ಲು ಸೀಳಲು ಒಡ್ಡರು ಬೆಣೆ ಇಟ್ಟದ್ದು. ಎರಡು ಸಾಲಿನ ದುಂಡು ಗುಳಿ ಅಳಗುಳಿ ಆಟದ ಮನೆ, ತ್ರಿಕೋನದೊಳಗೆ ಅಡ್ಡಗೆರೆ ಇದ್ದರೆ ಹುಲಿ-ಕುರಿ ಆಟ. ಆಳವಾದ ಒಂಟಿ ಗುಳಿ ಕಾಳು ಕುಟ್ಟಿದ ಒರಳು. ಬಾಣದ ಗುರುತು, ಅದರ ಮೇಲೆ ಅಡ್ಡಗೆರೆ ಇದ್ದರೆ ಸರ್ವೆಯವರದ್ದು.

ಇವು ಯಾವುದೂ ಅಲ್ಲ ಎನಿಸಿದರೆ ಗೆರೆಯ ಅಡ್ಡಕೊಯ್ತ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಕಲ್ಲಿನಿಂದ ಕುಟ್ಟಿದ್ದು ಅಗಲ, ಆಳ ಕಡಿಮೆ, ತಳ ದುಂಡು, ಸಣ್ಣ ಸಣ್ಣ ಚುಕ್ಕಿಗಳು ಸೇರಿ ಆದದ್ದು. ಕಬ್ಬಿಣದ ಉಳಿಯಿಂದ ಆದದ್ದು ಕಿರಿದು, ಚೂಪು ತಳ, ಒಳಗೆ ಉದ್ದ ಗೀರುಗಳು. ಆಮೇಲೆ ಬಣ್ಣ: ಹೊಸ ಗೆರೆ ಬಂಡೆಯ ಒಳಬಣ್ಣದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ಹಳೆಯದು ಸುತ್ತಲಿನ ಕಪ್ಪಿನ ಜೊತೆ ಕೂಡಿರುತ್ತದೆ. ಬಂಡೆಯ ಬಿರುಕು ಗೆರೆಯನ್ನು ಎರಡು ಮಾಡಿದ್ದರೆ ಗೆರೆ ಮೊದಲಿನದು, ಗೆರೆ ಬಿರುಕಿನ ಅಂಚು ಬಂದಾಗ ತಪ್ಪಿಸಿಕೊಂಡು ತಿರುಗಿದ್ದರೆ ಬಿರುಕು ಮೊದಲಿನದು. ಕಲ್ಲುಹೂವು ಗೆರೆಯ ಒಳಗೂ ಬೆಳೆದಿದೆಯೇ ಎಂದೂ ನೋಡಿ, ಆದರೆ ಅದನ್ನು ಕೆರೆದು ತೆಗೆಯಬೇಡಿ.

ದಾಖಲಿಸುವುದಕ್ಕೆ ನೀರು, ಎಣ್ಣೆ, ಹಿಟ್ಟು ಯಾವುದೂ ಬೇಡ. ಬೆಳಕೊಂದೇ ಸಾಕು. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ, ಮುಳುಗುವ ಮೊದಲಿನ ಒಂದು ಗಂಟೆ ಓರೆ ಬೆಳಕಿರುತ್ತದೆ. ಮಧ್ಯಾಹ್ನದ ನೆತ್ತಿಬಿಸಿಲಲ್ಲಿ ನೆರಳೇ ಬೀಳುವುದಿಲ್ಲ, ಕೆತ್ತನೆ ಮಾಯವಾಗುತ್ತದೆ. ಇನ್ನೂ ಚೆನ್ನಾಗಿ ಬೇಕಾದರೆ ಕತ್ತಲಾದ ಮೇಲೆ ಮೊಬೈಲನ್ನು ಮೂರುಕಾಲಿನ ಸ್ಟ್ಯಾಂಡಿಗೆ ಕೂರಿಸಿ, ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ. ಟಾರ್ಚನ್ನು ಬಂಡೆಗೆ 10ರಿಂದ 15 ಡಿಗ್ರಿ ಮಾತ್ರ ಎತ್ತಿ ಹಿಡಿದು ಎಂಟು ದಿಕ್ಕಿನಿಂದ ಎಂಟು ಫೋಟೊ ತೆಗೆಯಿರಿ. ಒಂದೇ ದಿಕ್ಕಿನ ಬೆಳಕು ಮೋಸ ಮಾಡುತ್ತದೆ: ಬೆಳಕಿಗೆ ಸಮಾನಾಂತರವಾದ ಗೆರೆ ಕಾಣುವುದಿಲ್ಲ, ಉಬ್ಬು ತಗ್ಗಿನಂತೆ ತೋರುತ್ತದೆ. ಪ್ರತಿ ಫೋಟೊದಲ್ಲೂ 10 ಸೆಂಟಿಮೀಟರಿನ ಅಳತೆಪಟ್ಟಿ ಇರಲಿ, ಅದು ಕೆತ್ತನೆಯ ಮೇಲಲ್ಲ, ಪಕ್ಕದಲ್ಲಿ. ನಾಣ್ಯ, ಬೆಂಕಿಪೊಟ್ಟಣ ಬೇಡ.

ಮೂರು ಆಯಾಮದ ಮಾದರಿ ಬೇಕಾದರೆ ಮೋಡದ ದಿನ ಆರಿಸಿ. ಬಂಡೆಯ ಸುತ್ತ ನಡೆಯುತ್ತ ಒಂದು ಫೋಟೊದ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲೂ ಬರುವಂತೆ 60ರಿಂದ 100 ಫೋಟೊ ತೆಗೆಯಿರಿ. ನಡುವೆ ಜೂಮ್ ಬದಲಾಯಿಸಿದರೆ ಅಥವಾ ನಿಮ್ಮ ನೆರಳು ಹರಿದಾಡಿದರೆ ಮಾದರಿ ಕಟ್ಟುವಾಗ ಒಡೆಯುತ್ತದೆ. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶ ಇದನ್ನು ಜೋಡಿಸುತ್ತದೆ.

ನಿಜವಾಗಿ ಅಕ್ಷರದಂತೆ ಇದ್ದರೆ ಓದಲು ಅವಸರ ಬೇಡ. ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ತಟ್ಟಿ ಮಸಿ ಒತ್ತುವ ಪಡಿಯಚ್ಚಿನ ಕೆಲಸ ಪಳಗಿದ ಕೈಗಳದ್ದು, ನೀವಾಗಿ ಮಾಡಬೇಡಿ. ಫೋಟೊ, ಬಂಡೆಯ ಅಳತೆ, ಗುಡ್ಡದ ಹೆಸರು, ಸರ್ವೆ ನಂಬರು, ಜಿಪಿಎಸ್ ಬಿಂದು ಬರೆದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ. ಶಾಸನವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ, ಅಲ್ಲಿಗೂ ಒಂದು ಪ್ರತಿ. ಜಿಪಿಎಸ್ ಬಿಂದುವನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಿಧಿ ಹುಡುಕುವವರು ಹಾರೆ ಹಿಡಿದು ಮೊದಲು ಬರುತ್ತಾರೆ. ಗುಡ್ಡದ ಹತ್ತಿರ ಜಲ್ಲಿ ಕ್ರಷರ್ ಇದ್ದರೆ ಅದು ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನೂ ಪತ್ರದಲ್ಲಿ ಬರೆಯಿರಿ.